ಸಿಂಹಕ್ಕೆ ನಿದ್ದೆ, ನಮಗೆ ಜಾಗರಣೆ

ನಾನು ಈವರೆಗೆ ಮಲಗಿದ ಅತಿ ದುಬಾರಿ ಹಾಸಿಗೆ ದಕ್ಷಿಣ ಆಫ್ರಿಕಾದ ಒಂದು ಸಫಾರಿ ಲಾಡ್ಜಿನದು. ಮಲಗಿದೆ ಅನ್ನೋದಕ್ಕಿಂತ ಹೊರಳಾಡಿದೆ ಅಂದರೆ ಸರಿಯಾದೀತು. ಒಂದು ರಾತ್ರಿಯ ಬಾಡಿಗೆಗೆ ಮನೆಗೆ ಹೊಸ ಮಂಚವನ್ನೇ ತರಬಹುದಿತ್ತು ಅಂತ ನನ್ನ ಹೆಂಡತಿ ಮೊದಲ ದಿನವೇ ಲೆಕ್ಕ ಹಾಕಿಬಿಟ್ಟಿದ್ದಳು.

ಜಾಗದ ಹೆಸರು ಸಾಬಿ ಸ್ಯಾಂಡ್. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮಕ್ಕೆ ಅಂಟಿಕೊಂಡ ಖಾಸಗಿ ಕಾಡು. ಅಕ್ಕಪಕ್ಕದ ಜಮೀನುದಾರರು ಸೇರಿಕೊಂಡು 1948ರಲ್ಲಿ ಮಾಡಿದ್ದು, ಸುಮಾರು 65 ಸಾವಿರ ಹೆಕ್ಟೇರ್. ಕ್ರೂಗರಿಗೂ ಇದಕ್ಕೂ ನಡುವೆ ಇದ್ದ ಬೇಲಿಯನ್ನು 1993ರಲ್ಲಿ ಕಿತ್ತರು. ಹಾಗಾಗಿ ಪ್ರಾಣಿಗಳಿಗೆ ಸರ್ಕಾರಿ ಕಾಡು, ಖಾಸಗಿ ಕಾಡು ಅನ್ನೋ ಭೇದ ಇಲ್ಲ. ಭೇದವೆಲ್ಲ ನಮಗೆ. ಕ್ರೂಗರಿನಲ್ಲಿ ನಿಮ್ಮದೇ ಕಾರಲ್ಲಿ ಓಡಾಡಬಹುದು, ಆದರೆ ರಸ್ತೆ ಬಿಟ್ಟು ಇಳಿಸುವಂತಿಲ್ಲ, ಕತ್ತಲಾಗೋದರೊಳಗೆ ಗೇಟು ಸೇರಬೇಕು. ಇಲ್ಲಿ ಲಾಡ್ಜಿನ ಜೀಪು ಪೊದೆಯೊಳಗೇ ನುಗ್ಗುತ್ತದೆ, ರಾತ್ರಿಯೂ ತಿರುಗುತ್ತದೆ. ಬಂಡೀಪುರದ ಹೆದ್ದಾರಿಯಲ್ಲೇ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ಬಿಡದ ನಾಡಿನಿಂದ ಹೋದ ನನಗೆ, ಯಾರೋ ಈಗ ಬಂದು ಹಿಡೀತಾರೆ ಅನ್ನೋ ಅಳುಕು ಕೊನೆ ತನಕ ಹೋಗಲಿಲ್ಲ.

ಜುಲೈ ತಿಂಗಳು. ಅಲ್ಲಿ ಅದು ಚಳಿಗಾಲ. ಹುಲ್ಲು ಒಣಗಿ ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ ಅಂತ ಹೇಳಿದ್ದರು. ಚಳಿಯ ವಿಷಯ ಮಾತ್ರ ಯಾರೂ ಒತ್ತಿ ಹೇಳಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಗೈಡ್ ಬಾಗಿಲು ತಟ್ಟುತ್ತಾನೆ. ಆಚೆ ಕಗ್ಗತ್ತಲೆ. ಒಂದು ಲೋಟ ಕಾಫಿ, ಅದರಲ್ಲಿ ಅದ್ದಿ ತಿನ್ನೋಕೆ ಕಲ್ಲಿನಂಥ ರಸ್ಕು. ಜೀಪಿಗೆ ಚಾವಣಿಯೂ ಇಲ್ಲ, ಗಾಜೂ ಇಲ್ಲ. ಹೊದೆಯಲು ಕಂಬಳಿ, ತೊಡೆ ಮೇಲೆ ಇಟ್ಟುಕೊಳ್ಳಲು ಬಿಸಿನೀರು ತುಂಬಿದ ರಬ್ಬರ್ ಚೀಲ ಕೊಡುತ್ತಾರೆ. ನಮ್ಮಜ್ಜಿ ಸೊಂಟನೋವಿಗೆ ಇಟ್ಟುಕೊಳ್ಳುತ್ತಿದ್ದಳಲ್ಲ, ಅದೇ ಚೀಲ.

ಬಾನೆಟ್ಟಿನ ಮೂಲೆಯಲ್ಲಿ ಒಂದು ಒಂಟಿ ಕುರ್ಚಿ. ಅದರಲ್ಲಿ ಟ್ರ್ಯಾಕರ್, ಅಂದರೆ ಹೆಜ್ಜೆ ಗುರುತು ಹಿಡಿದು ಪ್ರಾಣಿ ಹುಡುಕುವವನು, ಕೂರುತ್ತಾನೆ. ಶಾಂಗಾನ್ ಜನರವನು, ಮಾತು ಕಡಿಮೆ. ಮಣ್ಣು ನೋಡುತ್ತಾನೆ, ಕೈ ಎತ್ತುತ್ತಾನೆ, ಜೀಪು ಆ ಕಡೆ ತಿರುಗುತ್ತದೆ. ಒಂದು ಗಂಟೆ ಹೀಗೇ ಹೋದ ಮೇಲೆ ಅವನು ಇದ್ದಕ್ಕಿದ್ದಂತೆ ಆ ಕುರ್ಚಿ ಬಿಟ್ಟು ಒಳಗೆ ಬಂದು ಕೂತ. ಸಿಂಹ ಹತ್ತಿರದಲ್ಲಿದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸೂಚನೆ ಬೇಕಿಲ್ಲ. ಎದೆ ಢವಢವ.

ಸಿಂಹ ಮಲಗಿತ್ತು. ಒಂದಲ್ಲ, ಐದು. ಕಾಲು ಚಾಚಿ, ಹೊಟ್ಟೆ ಬಿಸಿಲಿಗೆ ಮಾಡಿ, ಮದುವೆ ಮನೆಯಲ್ಲಿ ಊಟ ಮುಗಿಸಿದ ಮಾವಂದಿರ ಹಾಗೆ. ದಿನಕ್ಕೆ ಇಪ್ಪತ್ತು ಗಂಟೆ ಮಲಗುವುದೂ ಉಂಟಂತೆ. ಅಲ್ಲಿನ ಗೈಡುಗಳು ಇಂಥ ಸಿಂಹಗಳಿಗೆ ‘ಫ್ಲಾಟ್ ಕ್ಯಾಟ್’ ಅಂತಾರೆ, ಚಪ್ಪಟೆ ಬೆಕ್ಕು. ನಾವು ಉಸಿರು ಬಿಗಿಹಿಡಿದು ನಲವತ್ತು ನಿಮಿಷ ಆ ನಿದ್ದೆ ನೋಡಿದೆವು. ಒಂದು ಕಿವಿ ಅಲ್ಲಾಡಿದರೆ ಆರು ಕ್ಯಾಮೆರಾ ಒಟ್ಟಿಗೆ ಚಕಚಕ.

‘ರೀ, ಇದಕ್ಕೆ ಇಷ್ಟು ದೂರ ಬರಬೇಕಿತ್ತಾ? ಭಾನುವಾರ ಮಧ್ಯಾಹ್ನ ನಿಮ್ಮನ್ನೇ ನೋಡಿದ್ರೆ ಆಗ್ತಿತ್ತು’ ಅಂದಳು ಇವಳು.

ಆಗ ಗಂಡು ಸಿಂಹ ಆಕಳಿಸಿತು. ಹೆಬ್ಬೆರಳಿಗಿಂತ ಉದ್ದದ ಹಲ್ಲು, ಗುಲಾಬಿ ನಾಲಿಗೆ, ಬಾಯೊಳಗಿನ ಕತ್ತಲೆ, ಎಲ್ಲವೂ ಕಂಡಿತು. ಆಕಳಿಸಿದರೆ ಎದ್ದು ಹೊರಡುವ ಲಕ್ಷಣ ಅಂತ ಗೈಡ್ ಪಿಸುಗುಟ್ಟಿದ. ಹಿಂದಿನ ಸೀಟಿನವರು ಆಕಳಿಸಿದರು. ನಾನೂ ಆಕಳಿಸಿದೆ. ಗೈಡೂ ತಡೆಯಲಾರದೆ ಬಾಯಿಗೆ ಟೋಪಿ ಅಡ್ಡ ಹಿಡಿದ. ಸಿಂಹ ಎದ್ದಿತು, ಹತ್ತು ಹೆಜ್ಜೆ ನಡೆಯಿತು, ನೆರಳು ಹುಡುಕಿ ಮತ್ತೆ ಧೊಪ್ಪಂತ ಬಿತ್ತು.

ಮಧ್ಯಾಹ್ನ ನಿದ್ದೆ ತೀರಿಸಿಕೊಳ್ಳೋಣ ಅಂದರೆ ಕಪ್ಪು ಮುಖದ ವರ್ವೆಟ್ ಮಂಗಗಳು ಬಿಡಲಿಲ್ಲ. ಕಿಟಕಿ ಹಾಕೋದು ಮರೆತಿದ್ದೆವು. ಕಾಫಿ ತಟ್ಟೆಯ ಸಕ್ಕರೆ ಪೊಟ್ಟಣ ಖಾಲಿ. ಒಂದು ಮಂಗ ಮಂಚದ ಕಾಲಡಿ ಕೂತು ಪೊಟ್ಟಣವನ್ನು ನೀಟಾಗಿ ಮೂಲೆಯಿಂದ ಹರಿಯುತ್ತಿತ್ತು. ನನಗಂತೂ ಅಷ್ಟು ಚೆಂದಕ್ಕೆ ಹರಿಯೋಕೆ ಬರಲ್ಲ.

ಸಂಜೆ ಮತ್ತೆ ಜೀಪು, ಕತ್ತಲಲ್ಲಿ ಟ್ರ್ಯಾಕರ್ ಕೈಯಲ್ಲಿ ದೊಡ್ಡ ಲೈಟು. ಜಿಂಕೆ, ಆನೆ ಸಿಕ್ಕರೆ ತಕ್ಷಣ ಬೆಳಕು ತಿರುಗಿಸಿಬಿಡುತ್ತಿದ್ದ. ಜಿಂಕೆಯ ಕಣ್ಣು ಕೋರೈಸಿದರೆ ಅದನ್ನೇ ಕಾಯುತ್ತಿರುವ ಚಿರತೆಗೆ ಸುಲಭ ಆಗಿಬಿಡುತ್ತದಂತೆ. ರಾತ್ರಿ ಬೊಂಬಿನ ಬೇಲಿಯೊಳಗೆ ಬೆಂಕಿ ಸುತ್ತ ಊಟ. ನನಗೆ ಹಿಡಿಸಿದ್ದು ಪಾಪ್, ಅಂದರೆ ಬಿಳಿ ಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಬಿಳಿ ಜೋಳ ಅಂದರೆ ನಮ್ಮ ರೊಟ್ಟಿಯ ಜೋಳ ಅಲ್ಲ, ಬಿಳಿ ಬಣ್ಣದ ಮುಸುಕಿನ ಜೋಳ. ಜೊತೆಗೆ ಚಕಲಕ ಅಂತ ಖಾರದ ತರಕಾರಿ ಪಲ್ಯ. ಬೆರಳಲ್ಲೇ ತಿಂದೆ, ಬಡಿಸುವಾತ ಖುಷಿಯಾಗಿ ಇನ್ನೊಂದು ಮುದ್ದೆ ಹಾಕಿದ.

ಲಾಡ್ಜಿಗೆ ಬೇಲಿ ಇಲ್ಲ. ಕತ್ತಲಾದ ಮೇಲೆ ಊಟದ ಮನೆಯಿಂದ ಕೋಣೆಗೆ ಅರವತ್ತು ಹೆಜ್ಜೆ ದೂರವಾದರೂ ಒಬ್ಬರೇ ಹೋಗುವಂತಿಲ್ಲ, ಕಾವಲುಗಾರ ಟಾರ್ಚ್ ಹಿಡಿದು ಬರಬೇಕು. ಏನಾದರೂ ಆದರೆ ನೀವೇ ಹೊಣೆ ಅಂತ ಬಂದ ದಿನವೇ ಸಹಿ ಹಾಕಿಸಿಕೊಂಡಿದ್ದರು. ಹಾಸಿಗೆಯೊಳಗೂ ಒಂದು ಬಿಸಿನೀರಿನ ಚೀಲ ಇಟ್ಟಿದ್ದರು. ಗೊತ್ತಿಲ್ಲದೆ ಕಾಲು ತಗುಲಿ ನಾನು ಕೂಗಿದ್ದು ಆ ರಾತ್ರಿಯ ಮೊದಲ ಗರ್ಜನೆ.

ಎರಡನೆಯದು ಮೂರು ಗಂಟೆಗೆ. ಸಿನಿಮಾದಲ್ಲಿ ಕೇಳಿದ ಹಾಗಿರಲಿಲ್ಲ. ನೆಲದೊಳಗಿಂದ ಬಂದ ಹಾಗೆ, ಮಂಚದ ಪಕ್ಕದ ನೀರಿನ ಲೋಟ ಸಣ್ಣಗೆ ಕಿಣಿಗುಟ್ಟಿತು.

‘ಎಂಟು ಕಿಲೋಮೀಟರ್ ದೂರದ ತನಕ ಕೇಳಿಸುತ್ತಂತೆ, ಸುಮ್ನೆ ಮಲಗು’ ಅಂದೆ.

‘ಎಂಟು ಮೀಟರಿಂದಲೂ ಕೇಳಿಸುತ್ತೆ ಅಲ್ವಾ?’ ಅಂದಳು.

ಬೆಳಿಗ್ಗೆ ಟ್ರ್ಯಾಕರ್ ನಮ್ಮ ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಮರಳಿನಲ್ಲಿ ರಾತ್ರಿ ನಾನು ನಡೆದು ಬಂದ ಬೂಟಿನ ಗುರುತು. ಅದರ ಮೇಲೆ ಅಂಗೈಗಿಂತ ಅಗಲದ ಇನ್ನೊಂದು ಗುರುತು. ನಾಲ್ಕು ಬೆರಳು, ಉಗುರಿಲ್ಲ. ಬೂಟಿನ ಕಂಪನಿಯ ಹೆಸರಿದ್ದ ನನ್ನ ಹಿಮ್ಮಡಿಯ ಅಚ್ಚನ್ನು ಅದು ಪೂರ್ತಿ ಅಳಿಸಿತ್ತು. ಅವನು ನನ್ನ ಮುಖ ನೋಡಿ ಮೊದಲ ಸಲ ನಕ್ಕ.

ಆ ಗುರುತು ಹಿಡಿದೇ ಹೋದೆವು. ಒಣಗಿದ ತೊರೆಯ ಮರಳಲ್ಲಿ ಮಹಾರಾಯ ಸಿಕ್ಕ. ನಮ್ಮ ನಿದ್ದೆ ಕೆಡಿಸಿ, ತಾನು ಗಡದ್ದಾಗಿ ಮಲಗಿದ್ದ. ಅರ್ಧ ಗಂಟೆ ಕಾದೆವು. ಕಿವಿ ಕೂಡ ಅಲ್ಲಾಡಲಿಲ್ಲ. ತಿಂಡಿಗೆ ಹೊತ್ತಾಯಿತು ಅಂತ ಗೈಡ್ ಕೀಲಿಗೆ ಕೈ ಹಾಕಿದವನು, ಹಿಂದೆ ತಿರುಗಿ ನೋಡಿ, ಕೈ ತೆಗೆದ. ಇವಳು ಕಂಬಳಿಯೊಳಗೆ ಬಿಸಿನೀರಿನ ಚೀಲ ಅಪ್ಪಿಕೊಂಡು, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.