799 ಮಿಲಿಮೀಟರ್ ಮಹಾತ್ಮೆ

ನಮ್ಮ ದೇಶದ ಬೆಂಕಿಗೆ ಓದು ಬರಹ ಬರುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗವನ್ನಂತೂ ಅರೆದು ಕುಡಿದಿದೆ. ಫಾಲ್ಸ್ ಸೀಲಿಂಗ್ ಮೇಲಿನ ಟೊಳ್ಳು 800 ಮಿಲಿಮೀಟರ್ ಮೀರಿದರೆ ಅಲ್ಲಿಗೂ ಸ್ಪ್ರಿಂಕ್ಲರ್, ಅಂದರೆ ಬಿಸಿ ತಾಗಿದರೆ ತಾನಾಗಿ ನೀರು ಚಿಮ್ಮುವ ನಳಿಕೆ, ಹಾಕಬೇಕು ಎಂದು ಅದರಲ್ಲಿದೆಯಷ್ಟೆ. ಆದ್ದರಿಂದ 799ರ ಟೊಳ್ಳಿಗೆ ಬಂದ ಬೆಂಕಿ ಚಪ್ಪಲಿ ಕಳಚಿ, ಟೇಪು ಹಿಡಿದು ಅಳೆದು, ‘ಇದು ನನ್ನ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಷರಾ ಬರೆದು ವಾಪಸಾಗುತ್ತದೆ. ಇಲ್ಲದಿದ್ದರೆ ನಕ್ಷೆಗಳಲ್ಲಿ ಆ ಟೊಳ್ಳು 790ಕ್ಕೋ 795ಕ್ಕೋ ಬಂದು ಗಕ್ಕನೆ ನಿಲ್ಲುವುದೇಕೆ?

ಲೆಕ್ಕ ಬಲ್ಲವರು ಬೇರೆ ಕಾರಣ ಹೇಳಿಯಾರು. ಮಳಿಗೆಯಂಥ ಮಧ್ಯಮ ಅಪಾಯದ ಜಾಗದಲ್ಲಿ ಒಂದು ಸ್ಪ್ರಿಂಕ್ಲರ್ ಕಾಯುವುದು ಹೆಚ್ಚೆಂದರೆ 12 ಚದರ ಮೀಟರ್. 600 ಚದರ ಮೀಟರ್‌ನ ಮಹಡಿಗೆ ಸೀಲಿಂಗ್ ಕೆಳಗೆ ಕನಿಷ್ಠ 50 ಬೇಕು. ಟೊಳ್ಳಿಗೂ ಎಂದರೆ ಮೇಲೆ ಇನ್ನೊಂದು 50, ಅದೂ ಯಾರ ಕಣ್ಣಿಗೂ ಬೀಳದ ಕಡೆ. ಕಾಣದ ಕೆಲಸಕ್ಕೆ ದುಡ್ಡು ಬಿಚ್ಚುವವರು ಯಾರು?

ಅಳತೆಯೂ ಒಂದು ಕಲೆ. ಸ್ಲ್ಯಾಬಿನ ತಳದಿಂದ ಸೀಲಿಂಗಿಗೆ 1,100 ಮಿಲಿಮೀಟರ್ ಇದ್ದರೆ ಗಾಬರಿ ಬೇಡ. ನಡುವೆ 450ರ ತೊಲೆ ಇದ್ದೇ ಇರುತ್ತದೆ. ಟೇಪನ್ನು ತೊಲೆಯ ತಳಕ್ಕೆ ಹಿಡಿಯಿರಿ, 650 ಬಂತು. ಎರಡು ತೊಲೆಗಳ ನಡುವೆ ಬಿಸಿಗಾಳಿ ತುಂಬಿಕೊಂಡರೆ ಅದು ಬಿಸಿಗಾಳಿಯ ತಪ್ಪು.

ಮುಂದಿನ ಪವಾಡ ಬಾಡಿಗೆದಾರ ಬದಲಾದಾಗ. ಮೊದಲಿನವನ ಟೊಳ್ಳು 700 ಇತ್ತು. ಹೊಸಬನಿಗೆ ಸೀಲಿಂಗ್ ಅಂಚಿನಲ್ಲಿ ಅಡಗುವ ಕೋವ್ ಲೈಟ್ ಬೇಕು, ಸೀಲಿಂಗನ್ನು 300 ಇಳಿಸಿದ. ಈಗ ಟೊಳ್ಳು ಒಂದು ಮೀಟರ್, ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಮಾತ್ರ ಹಳೆಯದೇ. ಕೆಳಮುಖವಾಗಿ ತೂಗುವ ಹಳೆಯ ಪೆಂಡೆಂಟ್ ಸ್ಪ್ರಿಂಕ್ಲರ್‌ಗಳ ಇಳಿಬಿಟ್ಟ ಡ್ರಾಪ್ ಪೈಪ್ ಉದ್ದ ಮಾಡಲು ಮರೆತರೆ ಅವು ಹೊಸ ಬೋರ್ಡಿನ ಮೇಲೆಯೇ ನೇತಾಡುತ್ತಿರುತ್ತವೆ. ಕೆಳಗೆ ಸೋಫಾ ಹೊತ್ತಿದರೆ ಆ ಬಿಸಿ ಅವುಗಳಿಗೆ ಹೊತ್ತಿಗೆ ಮುಟ್ಟುವುದಿಲ್ಲ. ನೀರನ್ನು ತಡೆದಿಡುವ ಗಾಜಿನ ಬಲ್ಬ್ ಬಿಸಿಗೆ ಒಡೆದರೂ ನೀರು ಬೀಳುವುದು ಜಿಪ್ಸಮ್ ಬೋರ್ಡಿನ ಬೆನ್ನ ಮೇಲೆ.

ಬೆಂಕಿ ಮೇಲೆಯೇ ಹುಟ್ಟಿದರೆ? ಅಲ್ಲಿ ಕೇಬಲ್ ಟ್ರೇ, ಸಡಿಲ ಜಾಯಿಂಟ್, ಎಸಿ ಡಕ್ಟಿಗೆ ಸುತ್ತಿದ ಫೋಮ್, ಬಡಗಿ ಬಿಟ್ಟುಹೋದ ಪ್ಲೈವುಡ್ ತುಂಡು ಎಲ್ಲ ಸಾಮರಸ್ಯದಿಂದ ಬಾಳುತ್ತವೆ. ಕೆಳಗಿನ ಸ್ಪ್ರಿಂಕ್ಲರ್‌ನ ಕೆಂಪು ಬಲ್ಬ್ ಒಡೆಯಬೇಕಾದರೆ ಅದಕ್ಕೆ 68 ಡಿಗ್ರಿ ಬಿಸಿ ತಾಗಬೇಕು. ಬೋರ್ಡು ಕೊಡೆಯಂತೆ ಅಡ್ಡ ನಿಂತಿರುವಾಗ ಅದು ಎಸಿಯ ತಂಪಿನಲ್ಲಿ ಆರಾಮಾಗಿರುತ್ತದೆ. ಟೊಳ್ಳಿಗೆ ಬೇಕಾದ್ದು ನೀರನ್ನು ಮೇಲಕ್ಕೆ ಚಿಮ್ಮುವ ಅಪ್‌ರೈಟ್ ಸ್ಪ್ರಿಂಕ್ಲರ್, ನೀರನ್ನು ಚದುರಿಸುವ ಅದರ ತಟ್ಟೆ ಅಂದರೆ ಡಿಫ್ಲೆಕ್ಟರ್ ಸ್ಲ್ಯಾಬಿನಿಂದ 75ರಿಂದ 150 ಮಿಲಿಮೀಟರ್ ಕೆಳಗೆ. 1996ರ ಏಪ್ರಿಲ್ 11ರಂದು ಜರ್ಮನಿಯ ಡ್ಯುಸೆಲ್ಡಾರ್ಫ್ ವಿಮಾನ ನಿಲ್ದಾಣದಲ್ಲಿ ಮೇಲಿನ ರಸ್ತೆಯ ವೆಲ್ಡಿಂಗ್ ಕಿಡಿ ಸೀಲಿಂಗ್ ಟೊಳ್ಳಿನ ಪಾಲಿಸ್ಟೈರೀನ್ ಹಾಳೆಗೆ ಹತ್ತಿತು. 17 ಜನ ಸತ್ತರು.

ಹೊಗೆಗೂ ನಮ್ಮಲ್ಲಿ ರಾಜಮಾರ್ಗವಿದೆ. ಬೆಂಕಿ ತಡೆಯುವ ಗೋಡೆ ಸ್ಲ್ಯಾಬ್ ಮುಟ್ಟಬೇಕು. ನಮ್ಮದು ಸೀಲಿಂಗ್ ಮುಟ್ಟಿ ಸುಸ್ತಾಗುತ್ತದೆ. ಕೇಬಲ್ ತೂರಿದ ತೂತಿಗೆ ಫೈರ್ ಸೀಲೆಂಟ್ ತುಂಬಬೇಕು. ನಾವು ಸಿಮೆಂಟ್ ಚೀಲ ತುರುಕುತ್ತೇವೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನ ವಿದ್ಯುತ್ ಡಕ್ಟಿನಲ್ಲಿ ಹುಟ್ಟಿದ ಹೊಗೆ ಮಹಡಿಗಳಿಗೆ ನುಗ್ಗಿ ಒಂಬತ್ತು ಜನ ಸತ್ತಿದ್ದನ್ನು ಊರು ಮರೆತಿಲ್ಲ. ಚೀಲ ತುರುಕುವ ಕೈಯೂ ತನ್ನ ಅಭ್ಯಾಸ ಮರೆತಿಲ್ಲ.

ಇನ್ನು ಅಂದಚೆಂದ. ಸ್ಪ್ರಿಂಕ್ಲರ್ ಕಂಡರೆ ಇಂಟೀರಿಯರ್‌ನವರಿಗೆ ಅಲರ್ಜಿ, ಅದಕ್ಕೇ ಮುಚ್ಚಳದ ಕನ್ಸೀಲ್ಡ್ ಮಾದರಿ. ಸುಮಾರು 57 ಡಿಗ್ರಿಗೆ ಬೆಸುಗೆ ಕರಗಿ ಮುಚ್ಚಳ ಉದುರಬೇಕು, ಆಮೇಲೆ ಬಲ್ಬಿನ ಸರದಿ. ಮುಚ್ಚಳದ ಸುತ್ತಲಿನ ಸಣ್ಣ ಸಂದು ಬಿಸಿಗಾಳಿ ಒಳಹೋಗಲು ಬಿಟ್ಟದ್ದು. ಪೇಂಟರ್ ಅದನ್ನು ಪುಟ್ಟಿ ಮೆತ್ತಿ ಮುಚ್ಚಿ, ಮೇಲೆ ಎರಡು ಕೋಟ್ ಎಮಲ್ಷನ್ ಹೊಡೆಯುತ್ತಾನೆ. ಬಣ್ಣ ಬಿದ್ದದ್ದನ್ನು ಕೆರೆದು ಸರಿಮಾಡುವಂತಿಲ್ಲ, ಬದಲಿಸಲೇಬೇಕು. ಆದರೆ ಹ್ಯಾಂಡ್‌ಓವರ್ ನಾಳೆ ಬೆಳಿಗ್ಗೆ.

ತಪಾಸಣೆಗೂ ಕ್ರಮವಿದೆ. ಸಾಲಿನ ತುತ್ತತುದಿಯ ಟೆಸ್ಟ್ ವಾಲ್ವ್ ತಿರುಗಿಸಿದರೆ ಒಂದು ಸ್ಪ್ರಿಂಕ್ಲರ್‌ನಷ್ಟು ನೀರು ಹರಿಯಬೇಕು, ಹರಿವನ್ನು ಗುರುತಿಸುವ ಫ್ಲೋ ಸ್ವಿಚ್ ಅಲಾರಂ ಹೊಡೆಸಬೇಕು, ಒತ್ತಡ ಇಳಿದಂತೆ ಪಂಪ್ ತಾನಾಗಿ ಶುರುವಾಗಬೇಕು. ಆದರೆ ವಾಲ್ವ್ ಇರುವುದು ಸೀಲಿಂಗ್ ಮೇಲೆ. ಟ್ರ್ಯಾಪ್ ಡೋರ್ ಬಿಟ್ಟರೆ ಅಂದ ಕೆಡುತ್ತದೆಂದು ಬಿಟ್ಟಿಲ್ಲ. ಹಾಗಾಗಿ ಪಂಪ್ ರೂಮಿಗೆ ಇಳಿದು ಸ್ವಿಚ್ಚನ್ನು ಮ್ಯಾನುವಲ್‌ಗೆ ತಿರುಗಿಸಿ, ಹೋಸ್ ರೀಲಿನಿಂದ ಪಾರ್ಕಿಂಗ್ ಜಾಗಕ್ಕೆ ನೀರು ಹೊಡೆದು, ನಾಲ್ಕು ಫೋಟೊ ತೆಗೆದು, ಸ್ವಿಚ್ಚನ್ನು ಆಟೋಗೆ ಮರಳಿಸದೆ ಎಲ್ಲರೂ ಊಟಕ್ಕೆ ಹೋಗುತ್ತಾರೆ.