ತಾರೀಕು ತಾನಾಗಿ ಬಂದಿದ್ದಾ, ಯಾರಾದರೂ ಆರಿಸಿದ್ದಾ?

ಗೆಲಿಲಿಯೋ ತೀರಿಕೊಂಡಿದ್ದು 1642ರ ಜನವರಿ 8. ಸ್ಟೀಫನ್ ಹಾಕಿಂಗ್ ಹುಟ್ಟಿದ್ದು ಸರಿಯಾಗಿ 300 ವರ್ಷಗಳ ನಂತರ, 1942ರ ಜನವರಿ 8. ಹಾಕಿಂಗ್ ತೀರಿಕೊಂಡಿದ್ದು 2018ರ ಮಾರ್ಚ್ 14ರಂದು. ಅದು ಐನ್‌ಸ್ಟೈನ್ ಹುಟ್ಟಿದ ದಿನ. ಇದನ್ನೆಲ್ಲ ಜೋಡಿಸಿದ ಒಂದು ಪೋಸ್ಟ್ ಪ್ರತಿ ವರ್ಷ ಜನವರಿಯಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ತಪ್ಪದೆ ಬರುತ್ತದೆ. ಜೊತೆಗೆ "ಇದೆಲ್ಲ ಸುಮ್ನೆ ಆಗೋದಲ್ಲ" ಅನ್ನೋ ಒಕ್ಕಣೆ ಬೇರೆ. ಹಾಕಿಂಗ್ ಇದಕ್ಕೆ ತಾವೇ ಉತ್ತರ ಕೊಟ್ಟಿದ್ದರು. ತಾನು ಹುಟ್ಟಿದ ದಿನ ಜಗತ್ತಿನಲ್ಲಿ ಇನ್ನೂ ಸುಮಾರು ಎರಡು ಲಕ್ಷ ಮಕ್ಕಳು ಹುಟ್ಟಿರಬೇಕು, ಅವರಲ್ಲಿ ಯಾರಿಗಾದರೂ ಖಗೋಳದ ಹುಚ್ಚು ಹಿಡಿಯಿತೋ ಇಲ್ಲವೋ ತನಗೆ ಗೊತ್ತಿಲ್ಲ ಅಂದಿದ್ದರು.

ವರ್ಷಕ್ಕೆ ಇರುವುದೇ 365 ದಿನ, ಹೆಚ್ಚೆಂದರೆ 366. ನಾವು ನೆನಪಿಟ್ಟುಕೊಂಡ ಘಟನೆಗಳು ಸಾವಿರಾರು. ಒಂದರ ಮೇಲೊಂದು ಬೀಳಲೇಬೇಕು. ಬರೀ 23 ಜನ ಒಂದು ಕಡೆ ಸೇರಿದರೂ ಸಾಕು, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಯಾಕಂದರೆ 23 ಜನರಲ್ಲಿ 253 ಜೋಡಿಗಳಾಗುತ್ತವೆ. ಲಿಂಕನ್ ಮತ್ತು ಡಾರ್ವಿನ್ ಇಬ್ಬರೂ 1809ರ ಫೆಬ್ರವರಿ 12ರಂದೇ ಹುಟ್ಟಿದ್ದಾರೆ. ಕೇಳಲು ಖುಷಿ, ಆದರೆ ಅದರಿಂದ ಲಿಂಕನ್ ಬಗ್ಗೆಯಾಗಲಿ ಡಾರ್ವಿನ್ ಬಗ್ಗೆಯಾಗಲಿ ಹೊಸದೇನೂ ತಿಳಿಯುವುದಿಲ್ಲ.

ಸೆಪ್ಟೆಂಬರ್ 11 ಕೂಡ ಇಂಥದ್ದೇ. 1893ರಲ್ಲಿ ಷಿಕಾಗೋದಲ್ಲಿ ವಿವೇಕಾನಂದರ ಭಾಷಣ. 1906ರಲ್ಲಿ ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರ್‌ನಲ್ಲಿ ಗಾಂಧೀಜಿ ಇದ್ದ ಸಭೆ, ಸತ್ಯಾಗ್ರಹ ಶುರುವಾಗಿದ್ದು ಅಲ್ಲಿಂದಲೇ. 1973ರಲ್ಲಿ ಚಿಲಿಯ ಸೇನೆ ಅಯೆಂಡೆ ಸರ್ಕಾರವನ್ನು ಉರುಳಿಸಿತು. 2001 ಎಲ್ಲರಿಗೂ ಗೊತ್ತು. ಈ ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸಿ ಶಾಂತಿ, ಹಿಂಸೆ ಅಂತ ಚೆಂದದ ಬರಹ ಬರೆಯಬಹುದು, ತುಂಬಾ ಜನ ಬರೆದಿದ್ದಾರೆ. ಅದು ಕವಿತೆ ಅಂದರೆ ಒಪ್ಪುತ್ತೇನೆ, ಇತಿಹಾಸ ಅಂದರೆ ಒಪ್ಪಲ್ಲ.

ನಾನು ಕೇಳುವ ಪ್ರಶ್ನೆ ಒಂದೇ. ಎರಡನೆಯ ಕೆಲಸ ಮಾಡಿದವರಿಗೆ ಆ ದಿನ ಮೊದಲನೆಯದು ನೆನಪಿತ್ತಾ?

ಅದಕ್ಕೂ ಮುಂಚೆ ಇನ್ನೊಂದು ತಮಾಷೆ ಇದೆ. ತಾರೀಕು ಒಂದೇ ಇರುತ್ತದೆ, ದಿನ ಒಂದೇ ಇರುವುದಿಲ್ಲ. ಶೇಕ್ಸ್‌ಪಿಯರ್ ಮತ್ತು ಸ್ಪೇನ್‌ನ ಲೇಖಕ ಸೆರ್ವಾಂಟೆಸ್ ಇಬ್ಬರೂ 1616ರ ಏಪ್ರಿಲ್ 23ರಂದು ತೀರಿಕೊಂಡರು ಅಂತ ಹೇಳುತ್ತಾರೆ. ಆದರೆ ಆಗ ಸ್ಪೇನ್‌ನಲ್ಲಿ ಇದ್ದದ್ದು ಗ್ರೆಗೋರಿಯನ್ ಕ್ಯಾಲೆಂಡರ್, ಇಂಗ್ಲೆಂಡ್‌ನಲ್ಲಿ ಹಳೆಯ ಜೂಲಿಯನ್. ಎರಡಕ್ಕೂ 10 ದಿನದ ಅಂತರ. ಸಾಲದ್ದಕ್ಕೆ, ಏಪ್ರಿಲ್ 23 ಸೆರ್ವಾಂಟೆಸ್‌ನನ್ನು ಮಣ್ಣು ಮಾಡಿದ ದಿನ, ತೀರಿಕೊಂಡದ್ದು ಹಿಂದಿನ ದಿನ ಅನ್ನುವವರೇ ಜಾಸ್ತಿ. ಕ್ಯಾಲೆಂಡರ್ ಬದಲಾದ ಆ 1582ರಲ್ಲಿ ಸ್ಪೇನ್‌ನಲ್ಲಿ ಅಕ್ಟೋಬರ್ 4 ಆದ ಮಾರನೇ ದಿನವೇ ಅಕ್ಟೋಬರ್ 15. ಸಂತ ತೆರೇಸಾ ಆಫ್ ಆವಿಲಾ ತೀರಿಕೊಂಡಿದ್ದು ಸರಿಯಾಗಿ ಆ ರಾತ್ರಿ. ಪಾಪ, ಯಾವ ತಾರೀಕು ಅಂತ ಬರೆಯೋದು?

ಈಗ ನಿಜವಾಗಿಯೂ ತಲೆ ಕೆಡಿಸಿಕೊಳ್ಳಬೇಕಾದ ತಾರೀಕಿಗೆ ಬರುತ್ತೇನೆ. ಜರ್ಮನಿಯ ನವೆಂಬರ್ 9.

1918ರ ಆ ದಿನ ಚಕ್ರವರ್ತಿ ಕೈಸರ್ ಪಟ್ಟ ಬಿಟ್ಟ ಸುದ್ದಿ ಹೊರಬಿತ್ತು. ಬರ್ಲಿನ್‌ನ ಸಂಸತ್ ಭವನದಿಂದ ಫಿಲಿಪ್ ಷೈಡೆಮನ್ ಗಣರಾಜ್ಯ ಘೋಷಿಸಿದ. ಎರಡು ದಿನಕ್ಕೆ ಮೊದಲ ಮಹಾಯುದ್ಧ ನಿಂತಿತು. ಬಲಪಂಥದವರಿಗೆ ಇದು ಬೆನ್ನಿಗೆ ಚೂರಿ ಹಾಕಿದ ದಿನ. ಗಣರಾಜ್ಯ ತಂದವರನ್ನು ಹಿಟ್ಲರ್ ನವೆಂಬರ್ ಅಪರಾಧಿಗಳು ಅಂತಲೇ ಬೈಯುತ್ತಿದ್ದ. 1923ರಲ್ಲಿ ಮ್ಯೂನಿಕ್‌ನಲ್ಲಿ ಅದೇ ಗಣರಾಜ್ಯವನ್ನು ಕೆಡವಲು ಅವನು ಮೆರವಣಿಗೆ ಹೊರಟಿದ್ದೂ ನವೆಂಬರ್ 9ರಂದೇ. ಪೊಲೀಸರು ಗುಂಡು ಹಾರಿಸಿದರು. ನಾಲ್ವರು ಪೊಲೀಸರೂ ಸೇರಿ ಸುಮಾರು 20 ಮಂದಿ ಸತ್ತರು, ದಂಗೆ ಮುಗಿಯಿತು.

ಅಧಿಕಾರಕ್ಕೆ ಬಂದ ಮೇಲೆ ನಾಜಿಗಳು ಈ ಸೋಲನ್ನೇ ವರ್ಷ ವರ್ಷ ಹಬ್ಬ ಮಾಡಿದರು. ಹಳೆಯ ಮುಖಂಡರೆಲ್ಲ ಮ್ಯೂನಿಕ್‌ಗೆ ಬಂದು ಸೇರುತ್ತಿದ್ದರು. 1938ರಲ್ಲೂ ಸೇರಿದ್ದರು. ಎರಡು ದಿನದ ಹಿಂದೆ ಪ್ಯಾರಿಸ್‌ನಲ್ಲಿ ಒಬ್ಬ ಯಹೂದಿ ಹುಡುಗ ಗುಂಡು ಹಾರಿಸಿದ್ದ ಜರ್ಮನ್ ರಾಜತಾಂತ್ರಿಕ ಸತ್ತ ಸುದ್ದಿ ಅಂದು ಸಂಜೆ ಅಲ್ಲಿಗೇ ತಲುಪಿತು. ಇಡೀ ಪಕ್ಷದ ನಾಯಕರು ಒಂದೇ ಸೂರಿನಡಿ ಕೂತಿದ್ದಾರೆ, ಹತ್ತಿರದಲ್ಲೇ ಟೆಲಿಫೋನ್. ಪ್ರಚಾರ ಸಚಿವ ಗೊಬೆಲ್ಸ್ ಭಾಷಣ ಮಾಡಿದ. ಆ ರಾತ್ರಿ ಜರ್ಮನಿಯ ಉದ್ದಕ್ಕೂ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು, ಅಂಗಡಿಗಳ ಗಾಜು ಒಡೆಯಿತು. ಸುಮಾರು 30,000 ಯಹೂದಿ ಗಂಡಸರನ್ನು ಹಿಡಿದು ಶಿಬಿರಗಳಿಗೆ ಕಳಿಸಿದರು. ಇದನ್ನು ಕಾಕತಾಳೀಯ ಅನ್ನುತ್ತೀರಾ? ಆ ಸಾವು ಅದೇ ದಿನ ಆಗಿದ್ದು ಕಾಕತಾಳೀಯ ಇರಬಹುದು. ಅದನ್ನು ಕೇಳಲು ಅವರೆಲ್ಲ ಅಲ್ಲಿ ಕೂತಿದ್ದದ್ದು ತಾರೀಕಿನ ಕೆಲಸ.

ಆ ಹಬ್ಬದ ಪದ್ಧತಿಯನ್ನು ಇನ್ನೊಬ್ಬನೂ ಲೆಕ್ಕ ಹಾಕಿದ್ದ. ಗೇಯೋರ್ಗ್ ಎಲ್ಸರ್ ಅನ್ನೋ ಬಡಗಿ. ಪ್ರತಿ ನವೆಂಬರ್ 8ರ ರಾತ್ರಿ ಹಿಟ್ಲರ್ 1923ರ ದಂಗೆ ಶುರುವಾದ ಬಿಯರ್ ಹಾಲ್‌ನಲ್ಲಿ ಭಾಷಣ ಮಾಡುತ್ತಾನೆ ಅಂತ ಗೊತ್ತಿದ್ದರಿಂದ, 1939ರಲ್ಲಿ ಅಲ್ಲಿನ ಕಂಬದೊಳಗೆ ಬಾಂಬ್ ಇಟ್ಟ. ಹಿಟ್ಲರ್ ಆ ವರ್ಷ ಬೇಗ ಎದ್ದು ಹೋದ. 13 ನಿಮಿಷಕ್ಕೆ ಬಾಂಬ್ ಸಿಡಿಯಿತು. ಹದಿಮೂರೇ ನಿಮಿಷ!

ಇಷ್ಟೆಲ್ಲ ಆದ ಮೇಲೆ 1989ರ ನವೆಂಬರ್ 9. ಪೂರ್ವ ಜರ್ಮನಿಯ ಆಳುವ ಪಕ್ಷದ ವಕ್ತಾರ ಷಾಬೊವ್ಸ್ಕಿ ಪತ್ರಿಕಾಗೋಷ್ಠಿಯಲ್ಲಿ ಕೈಗೆ ಸಿಕ್ಕ ಚೀಟಿ ಓದಿದ. ದೇಶದಿಂದ ಹೊರಹೋಗುವ ಹೊಸ ನಿಯಮ ಯಾವಾಗಿಂದ ಅಂತ ಪತ್ರಕರ್ತರು ಕೇಳಿದರು. ಮಾರನೇ ದಿನದಿಂದ ಅನ್ನೋದು ಅವನಿಗೆ ಗೊತ್ತಿರಲಿಲ್ಲ. ನನಗೆ ತಿಳಿದ ಮಟ್ಟಿಗೆ ಈಗಿಂದಲೇ ಅಂದುಬಿಟ್ಟ. ಜನ ಬರ್ಲಿನ್ ಗೋಡೆಯ ಬಳಿಗೆ ನುಗ್ಗಿದರು. ಅವನು ಆ ಚೀಟಿಯನ್ನು ಮೊದಲೇ ಸರಿಯಾಗಿ ಓದಿಕೊಂಡಿದ್ದರೆ ಗೋಡೆ ನವೆಂಬರ್ 10ಕ್ಕೋ ಇನ್ನೊಂದು ದಿನಕ್ಕೋ ತೆರೆಯುತ್ತಿತ್ತು. ಇಲ್ಲಿ ಹಳೆಯ ನವೆಂಬರ್ 9ಗಳಿಗೂ ಇದಕ್ಕೂ ಯಾವ ನಂಟೂ ಇಲ್ಲ. ಆದರೂ ಆ ತಾರೀಕೇ ಮುಂದೆ ತೊಡಕಾಯಿತು. ರಾಷ್ಟ್ರೀಯ ದಿನಕ್ಕೆ ಇದಕ್ಕಿಂತ ಒಳ್ಳೆ ತಾರೀಕು ಬೇಕಾ? ಆದರೆ 1938 ಅಡ್ಡ ನಿಂತಿತ್ತು. ಎರಡು ಜರ್ಮನಿಗಳು ಒಂದಾದ ಅಕ್ಟೋಬರ್ 3ಕ್ಕೆ ಒಪ್ಪಿಕೊಂಡರು.

ಬೇಕಂತಲೇ ಆರಿಸಿದ ತಾರೀಕುಗಳು ಬೇಕಾದಷ್ಟಿವೆ. 1649ರ ಜನವರಿ 30ರಂದು ಇಂಗ್ಲೆಂಡ್‌ನಲ್ಲಿ ದೊರೆ ಚಾರ್ಲ್ಸ್‌ನ ತಲೆ ಕಡಿದರು. ಮಗ ಪಟ್ಟಕ್ಕೆ ಬಂದ ಮೇಲೆ, 1661ರ ಅದೇ ಜನವರಿ 30ಕ್ಕೆ, ಆ ತಲೆ ಕಡಿಸಿದವರ ಮುಖಂಡ, ಆಗಲೇ ಸತ್ತಿದ್ದ ಕ್ರಾಮ್‌ವೆಲ್‌ನ ಹೆಣ ಅಗೆದು ತಂದು ನೇಣು ಹಾಕಿದರು! ನಮ್ಮ ಸಂವಿಧಾನ 1949ರ ನವೆಂಬರ್ 26ಕ್ಕೇ ಅಂಗೀಕಾರವಾಗಿತ್ತು. ಪೂರ್ತಿಯಾಗಿ ಜಾರಿಗೆ ಬರಲು ಎರಡು ತಿಂಗಳು ಕಾದಿದ್ದು 1930ರ ಪೂರ್ಣ ಸ್ವರಾಜ್ಯದ ಜನವರಿ 26ಕ್ಕಾಗಿ. ಆಗಸ್ಟ್ 15ನ್ನು ಮಾತ್ರ ಮೌಂಟ್‌ಬ್ಯಾಟನ್ ಆರಿಸಿದ್ದು ತನ್ನ ನೆನಪಿನಿಂದ. ಅದು ಜಪಾನ್ ಶರಣಾದ ದಿನದ ಎರಡನೇ ವರ್ಷ. ಕೋಟ್ಯಂತರ ಜನರ ದಿನವನ್ನು ಒಬ್ಬ ಸೇನಾಧಿಕಾರಿಯ ವಿಜಯದ ನೆನಪು ನಿರ್ಧರಿಸಿತಲ್ಲ ಅನ್ನೋದು ನನಗೆ ಇವತ್ತಿಗೂ ಸ್ವಲ್ಪ ಕಸಿವಿಸಿ.

ಸರ್ಬಿಯಾದವರ ಜೂನ್ 28ರಲ್ಲಿ ಎಲ್ಲ ಬೆರೆತಿದೆ. ತುರ್ಕರ ವಿರುದ್ಧದ 1389ರ ಕೊಸೊವೊ ಯುದ್ಧವನ್ನು ಅವರು ನೆನೆಯುವ ದಿನ ಅದು. 1914ರಲ್ಲಿ ಆ ದಿನವೇ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಸರಾಯೆವೊಗೆ ಬಂದದ್ದು ಗಾಯಕ್ಕೆ ಉಪ್ಪು ಹಚ್ಚಿದಂತಾಯಿತು, ಗುಂಡಿಗೆ ಬಲಿಯಾಗಿ ಮತ್ತೆ ಹಿಂತಿರುಗಲಿಲ್ಲ. ಐದು ವರ್ಷಕ್ಕೆ ಅದೇ ದಿನ ವರ್ಸೈ ಒಪ್ಪಂದಕ್ಕೆ ಸಹಿ. 1989ರಲ್ಲಿ ಯುದ್ಧದ 600ನೇ ವರ್ಷಕ್ಕೆ ಸರ್ಬಿಯಾದ ನಾಯಕ ಮಿಲೊಸೆವಿಚ್ ಲಕ್ಷಾಂತರ ಜನರ ಮುಂದೆ ಭಾಷಣ ಮಾಡಿದ. 2001ರ ಜೂನ್ 28ಕ್ಕೆ ಅವನನ್ನೇ ಹೇಗ್‌ನ ನ್ಯಾಯಮಂಡಳಿಗೆ ಒಪ್ಪಿಸಿದರು. ವಿಧಿ ಅನಿಸುತ್ತೆ ಅಲ್ವಾ? ಮಾರನೇ ದಿನ ಬ್ರಸೆಲ್ಸ್‌ನಲ್ಲಿ ನೆರವು ಕೊಡುವ ದೇಶಗಳ ಸಭೆ ಇತ್ತು. ಸರ್ಕಾರಕ್ಕೆ ದುಡ್ಡು ಬೇಕಿತ್ತು.

ಕೊನೆಗೆ ಜುಲೈ 4. ಅಮೆರಿಕದ ಮಾಜಿ ಅಧ್ಯಕ್ಷರಾದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಇಬ್ಬರೂ 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ 50 ತುಂಬಿದ ದಿನವೇ, ಕೆಲವೇ ಗಂಟೆಗಳ ಅಂತರದಲ್ಲಿ ತೀರಿಕೊಂಡರು. ಆಗ ಅಧ್ಯಕ್ಷನಾಗಿದ್ದ ಆಡಮ್ಸ್‌ನ ಮಗ ಇದನ್ನು ದೇವರ ಕೃಪೆಯ ಗುರುತು ಅಂತಲೇ ಬರೆದ. ಆದರೆ ಅಲ್ಲಿನ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಸ್ವಾತಂತ್ರ್ಯಕ್ಕೆ ಮತ ಹಾಕಿದ್ದು 1776ರ ಜುಲೈ 2ರಂದು. ಮುಂದಿನ ತಲೆಮಾರುಗಳು ಜುಲೈ 2ನ್ನೇ ಹಬ್ಬ ಮಾಡುತ್ತವೆ ಅಂತ ಇದೇ ಆಡಮ್ಸ್ ಹೆಂಡತಿಗೆ ಕಾಗದ ಬರೆದಿದ್ದ. 4ರಂದು ಒಪ್ಪಿದ್ದು ಘೋಷಣೆಯ ಪಠ್ಯವನ್ನು. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ಕ್ಕೆ. ಜುಲೈ 2 ಹಬ್ಬವಾಗಿದ್ದರೆ ಇಬ್ಬರೂ ಒಂದೇ ದಿನ ಹೋದದ್ದು ಆಗಲೂ ಅಚ್ಚರಿಯೇ, ಆದರೆ ದೇವರು ಎರಡು ದಿನ ತಡವಾಗಿ ಬಂದಂತಾಗುತ್ತಿತ್ತು.

ಐದು ವರ್ಷಕ್ಕೆ ಇನ್ನೊಬ್ಬ ಮಾಜಿ ಅಧ್ಯಕ್ಷ ಜೇಮ್ಸ್ ಮನ್ರೋ ಕೂಡ ಜುಲೈ 4ಕ್ಕೇ ಹೋದ. ಹಾಗಾಗಿ 1836ರಲ್ಲಿ ಮತ್ತೊಬ್ಬ ಮಾಜಿ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಕೊನೆಯುಸಿರು ಎಳೆಯುತ್ತಿದ್ದಾಗ, ಔಷಧಿ ಕೊಟ್ಟು ಹೇಗಾದರೂ 4ರ ತನಕ ಉಳಿಸೋಣ ಅಂದರಂತೆ. ಬೇಡ ಅಂದನಂತೆ. ಆರು ದಿನ ಮೊದಲೇ ತೀರಿಕೊಂಡ. ಅಂದರೆ ಜೂನ್ 28. ದಯವಿಟ್ಟು ಸರ್ಬಿಯಾದವರಿಗೆ ಹೇಳಬೇಡಿ.