ಎಲ್ಲಾದ್ರೂ ಬಿದ್ಯಾ?

ನಾದಿನಿ ಹೆರಿಗೆಗೆ ಅಂತ ಮನೆಗೆ ಬಂದಿದ್ದಳು. ಎಂಟನೇ ತಿಂಗಳಲ್ಲಿ ಒಂದು ಬೆಳಗ್ಗೆ ಸೀರೆಯೆಲ್ಲ ಕೆಂಪು. ನಮ್ಮತ್ತೆಯ ಮೊದಲ ಪ್ರಶ್ನೆ, "ಎಲ್ಲಾದ್ರೂ ಬಿದ್ಯಾ?" ಎರಡನೆಯದು, "ಕೊಡ ಎತ್ತಿದ್ಯಾ?" ನೋವಿದೆಯಾ ಅಂತ ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಅವಳೋ ವಾರವಿಡೀ ಏನೇನು ಎತ್ತಿದೆ ಅಂತ ಲೆಕ್ಕ ಹಾಕುತ್ತಾ ಅಳುತ್ತಿದ್ದಳು.

ಕೇಸ್ ಶೀಟಿನಲ್ಲಿ ಬರೆದದ್ದು 'ಎಪಿಎಚ್'. ಹೆರಿಗೆಗೆ ಮುಂಚಿನ ರಕ್ತಸ್ರಾವ. ನಮ್ಮ ದೇಶದ ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ 28 ವಾರದ ನಂತರದ್ದು, ಬ್ರಿಟನ್ನಿನಲ್ಲಿ 24ರಿಂದಲೇ ಲೆಕ್ಕ.

ಆಮೇಲೆ ಓದುತ್ತಾ ಹೋದರೆ, ಅತ್ತೆಯ ಪ್ರಶ್ನೆ ವೈದ್ಯರ ಪುಸ್ತಕದಲ್ಲೇ ಸಿಕ್ಕಿತು! 1775ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ರಿಗ್ಬಿ ಈ ರಕ್ತಸ್ರಾವವನ್ನು ಎರಡು ಬಗೆ ಮಾಡಿದ. ಮಾಸು (ಪ್ಲಸೆಂಟಾ) ಗರ್ಭಕೋಶದ ಬಾಯಿಗೇ ಅಡ್ಡ ಕೂತಿದ್ದರೆ, ಬಾಯಿ ತೆರೆದಾಗ ರಕ್ತ ಹೋಗಲೇಬೇಕು, ಅದು 'ತಪ್ಪಿಸಲಾಗದ್ದು'. ಸರಿಯಾದ ಜಾಗದಲ್ಲಿದ್ದ ಮಾಸು ಹೆರಿಗೆಗೆ ಮೊದಲೇ ಕಿತ್ತುಬಂದರೆ 'ಆಕ್ಸಿಡೆಂಟಲ್'. ಇಂದು ಮೊದಲನೆಯದಕ್ಕೆ ಪ್ಲಸೆಂಟಾ ಪ್ರೀವಿಯಾ, ಎರಡನೆಯದಕ್ಕೆ ಅಬ್ರಪ್ಷನ್ ಅಂತಾರೆ. ವಿಂಗಡಣೆ ಸರಿಯೇ. ಆ 'ಆಕ್ಸಿಡೆಂಟಲ್' ಅನ್ನೋ ಪದದ ಮೇಲೆ ಮಾತ್ರ ನನಗೆ ಸಿಟ್ಟು. ಹೊಟ್ಟೆಗೆ ಪೆಟ್ಟು ಬಿದ್ದು ಮಾಸು ಕೀಳುವುದುಂಟು, ನಿಜ. ಆದರೆ ಅದಕ್ಕಿಂತ ಹೆಚ್ಚು ಸಲ ಜೊತೆಗಿರುವುದು ಏರಿದ ಬಿಪಿ. ಬಿಪಿ ಯಂತ್ರದ ಪಟ್ಟಿ ಕಟ್ಟುವ ಮೊದಲೇ ಹೆಂಗಸಿನ ಮೇಲೆ ತಪ್ಪು ಹೊರಿಸಿಯಾಗಿರುತ್ತದೆ.

ಇನ್ನೊಂದು ತಕರಾರು ಅಳತೆಯದ್ದು. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ 50 ಎಂಎಲ್ ಒಳಗಿದ್ದರೆ ಸಣ್ಣದು, 1000 ದಾಟಿದರೆ ಅಥವಾ ರಕ್ತ ಹೋಗಿ ಬಿಪಿ ಕುಸಿದು ಶಾಕ್‌ಗೆ ಹೋದರೆ ಭಾರೀ. ಆಸ್ಪತ್ರೆಗೆ ಸರಿ, ಮನೆಯಲ್ಲಿ ಬಟ್ಟೆ ನೋಡಿ "ಸ್ವಲ್ಪವೇ ಅಲ್ವಾ" ಅನ್ನುವವರಿಗಲ್ಲ. ಮಾಸು ಕಿತ್ತಾಗ ರಕ್ತ ಅದರ ಹಿಂದೆಯೇ ಕಟ್ಟಿಕೊಂಡು ಒಂದು ಹನಿಯೂ ಹೊರಗೆ ಬಾರದಿರಬಹುದು. ಹೊಟ್ಟೆ ಹಲಗೆಯಂತೆ ಗಟ್ಟಿ, ಬಿಡದ ನೋವು, ಮುಖ ಬಿಳಿಚಿದ್ದರೆ ಬಟ್ಟೆ ನೋಡುತ್ತಾ ಕೂರಬಾರದು.

ನಾದಿನಿಗೆ ನೋವೇ ಇರಲಿಲ್ಲ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲೇ 'ಮಾಸು ಕೆಳಗಿದೆ' ಅಂತ ಬರೆದಿತ್ತು. ಹೆಚ್ಚಿನವರಿಗೆ ತಾನಾಗಿ ಮೇಲೆ ಹೋಗುತ್ತೆ ಅಂದರು, ಅದೂ ಸುಳ್ಳಲ್ಲ. ಆದರೆ 32 ವಾರಕ್ಕೆ ಮತ್ತೆ ನೋಡಿಸಬೇಕಿತ್ತು. ಸೀಮಂತದ ಗಡಿಬಿಡಿಯಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ಮೊದಲ ಹೆರಿಗೆ ಸಿಸೇರಿಯನ್. ಅದರಿಂದ ಮಾಸು ಕೆಳಗೆ ಕೂರುವ ಸಾಧ್ಯತೆ ಹೆಚ್ಚು ಅಂತ ನಮಗೆ ಗೊತ್ತೇ ಇರಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಗುವವರೆಗೆ ಒಳಪರೀಕ್ಷೆ ಮಾಡಲು ಡಾಕ್ಟರಮ್ಮ ಯಾರನ್ನೂ ಬಿಡಲಿಲ್ಲ. ಬೆರಳು ತಾಗಿದರೆ ರಕ್ತ ಧಾರೆಯಾಗಿ ಸುರಿಯಬಹುದಂತೆ.

ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ನಾಮಕರಣಕ್ಕೆ ಬಂದವರಿಗೆಲ್ಲ ಅತ್ತೆ ಈಗಲೂ ಹೇಳುವುದು, "ಅವತ್ತು ಆ ಕೊಡ ಒಂದು ಎತ್ತದೇ ಇದ್ದಿದ್ರೆ..."